ಡೀಸೆಲ್ ಜೀಪೋ, ಸಣ್ಣ ವಿದ್ಯುತ್ ಗಾಡಿಯೋ? ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

— ಕಬ್ಬು ಅಭಿವೃದ್ಧಿ ಅಧಿಕಾರಿ, ಬಿ.ಎಸ್ಸಿ. ಕೃಷಿ



ನಮ್ಮ ಗಟ ಕಚೇರಿಗೆ ಬರುವ ಪ್ರಶ್ನೆಗಳಿಗೂ ಒಂದು ಹಂಗಾಮು ಇರುತ್ತದೆ. ನಾಟಿಯ ಕಾಲಕ್ಕೆ ಬೀಜದ ಪ್ರಶ್ನೆ, ಮಳೆಗಾಲಕ್ಕೆ ಗೊಣ್ಣೆಹುಳುವಿನ ಪ್ರಶ್ನೆ, ಕಬ್ಬು ಹೋಗಿ ಬಿಲ್ಲು ಜಮಾ ಆದ ಮೇಲೆ ಗಾಡಿಯ ಪ್ರಶ್ನೆ. ಕಳೆದ ಎರಡು ವರ್ಷಗಳಿಂದ ಈ ಮೂರನೆಯ ಪ್ರಶ್ನೆ ಹೆಚ್ಚು ಕೇಳಿಬರುತ್ತಿದೆ. “ಸಾಹೇಬ್ರ, ನಾಕೂ ಗಾಲಿ ಎಳೆಯೋ ಡೀಸೆಲ್ ಗಾಡಿ ತೊಗೊಳ್ಳಲೋ, ಕರೆಂಟಿನ ಸಣ್ಣ ಗಾಡಿ ತೊಗೊಳ್ಳಲೋ?” ಎಂದು ಕೇಳುವವರಲ್ಲಿ ಹತ್ತು ಎಕರೆಯವರೂ ಇದ್ದಾರೆ, ಎರಡು ಎಕರೆಯವರೂ ಇದ್ದಾರೆ.

ಕಬ್ಬಿನ ಅಧಿಕಾರಿಗೂ ಮೋಟಾರು ಗಾಡಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಸಂಬಂಧ ಇದೆ. ಗಾಡಿಯ ಕಂತು ಕಬ್ಬಿನ ಬಿಲ್ಲಿನಿಂದಲೇ ಹೋಗುತ್ತದೆ. ಕಂತು ಭಾರವಾದ ವರ್ಷ ಗೊಬ್ಬರ ಕಡಿಮೆ ಬೀಳುತ್ತದೆ, ಕುಳೆಯ ಆರೈಕೆ ತಪ್ಪುತ್ತದೆ, ಇಳುವರಿ ಇಳಿಯುತ್ತದೆ. ಇದನ್ನು ಇಪ್ಪತ್ತು ವರ್ಷ ಹೊಲಹೊಲ ತಿರುಗಿ ಕಣ್ಣಾರೆ ಕಂಡಿದ್ದೇನೆ. ಆದಕಾರಣ ಈ ಸಂಚಿಕೆಯಲ್ಲಿ ಬೀಜ ಗೊಬ್ಬರ ಬದಿಗಿಟ್ಟು ಈ ವಿಷಯವನ್ನೇ ಪಾಠವಾಗಿ ತೆಗೆದುಕೊಂಡಿದ್ದೇನೆ.

1. ಮೊದಲು ಕೆಲಸ, ಆಮೇಲೆ ಗಾಡಿ

ಎತ್ತು ಕೊಳ್ಳುವವನು ಸಂತೆಗೆ ಹೋಗುವ ಮುಂಚೆಯೇ ಎತ್ತು ಯಾವ ಕೆಲಸಕ್ಕೆಂದು ಮನೆಯಲ್ಲಿ ನಿಶ್ಚಯಿಸಿರುತ್ತಾನೆ. ಚಕ್ಕಡಿಗೆ ಬೇರೆ, ಎಡೆ ಹೊಡೆಯಲಿಕ್ಕೆ ಬೇರೆ. ಗಾಡಿಯ ಮಾತಿನಲ್ಲಿ ಈ ಬುದ್ಧಿಯನ್ನು ನಾವು ಮರೆಯುತ್ತೇವೆ.

ಕಬ್ಬು ಸಾಗಿಸುವದು ಟ್ರ್ಯಾಕ್ಟರು, ಟ್ರಕ್ಕು, ಚಕ್ಕಡಿಗಳ ಕೆಲಸ. ಈ ಎರಡೂ ಗಾಡಿಗಳು ಆ ಕೆಲಸಕ್ಕೆ ಬರುವದಿಲ್ಲ. ನಮಗೆ ಉಳಿಯುವ ಕೆಲಸಗಳು ಇವು: ಹೊಲಕ್ಕೆ ಹೋಗಿ ಬರುವದು, ಎರಡು ಚೀಲ ಗೊಬ್ಬರ ಒಂದು ಔಷಧದ ಡಬ್ಬಿ ತರುವದು, ಮಕ್ಕಳ ಶಾಲೆ, ಅಕ್ಕಲಕೋಟೆ ಸೋಲಾಪುರಗಳ ಪೇಟೆ ಮತ್ತು ದವಾಖಾನೆ, ಗಡಿಯಾಚೆ ಇಂಡಿ ಅಫಜಲಪುರದ ಬೀಗರ ಮನೆ, ವರ್ಷಕ್ಕೆ ನಾಲ್ಕಾರು ಸಲ ಪುಣೆ. ಈ ಯಾದಿಯನ್ನು ಒಂದು ಹಾಳೆಯ ಮೇಲೆ ಬರೆದು ಪ್ರತಿಯೊಂದಕ್ಕೆ ತಿಂಗಳಿಗೆ ಎಷ್ಟು ಕಿ.ಮೀ. ಎಂದು ಎದುರಿಗೆ ಹಾಕಿರಿ. ಪೇಟೆಗೆ ಹೋಗುವ ಮುಂಚೆ ಕೈಯಲ್ಲಿ ಇರಬೇಕಾದ ಕಾಗದ ಇದು.

2. ನಾಲ್ಕೂ ಗಾಲಿ ಎಳೆಯುವದೆಂದರೇನು?

ಸಾಧಾರಣ ಗಾಡಿಯಲ್ಲಿ ಇಂಜಿನಿನ ಶಕ್ತಿ ಎರಡೇ ಗಾಲಿಗೆ ಹೋಗುತ್ತದೆ. ಗಾಡಿ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಅದಕ್ಕಾಗಿ ನಡುವೆ ಡಿಫರೆನ್ಶಿಯಲ್ ಎಂಬ ಹಲ್ಲಿನ ಪೆಟ್ಟಿಗೆ ಇರುತ್ತದೆ. ಅದರ ದೋಷವೇನೆಂದರೆ, ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ತಿರುಗುವಿಕೆಯೆಲ್ಲ ಆ ಜಾರುವ ಗಾಲಿಗೇ ಹೋಗಿ, ಗಟ್ಟಿ ನೆಲದ ಮೇಲಿನ ಗಾಲಿ ಸುಮ್ಮನೆ ನಿಲ್ಲುತ್ತದೆ. ನಾಲ್ಕು ಗಾಲಿಯ ಗಾಡಿಯಲ್ಲಿ ಇನ್ನೊಂದು ಪೆಟ್ಟಿಗೆಯಿಂದ ಮುಂದಿನ ಹಾಗೂ ಹಿಂದಿನ ಎರಡೂ ಅಚ್ಚುಗಳಿಗೆ ಶಕ್ತಿ ಕೊಡುತ್ತಾರೆ. ಜೊತೆಗೆ ‘ಲೋ’ ಗೇರು ಇದ್ದರೆ ವೇಗ ಕಡಿಮೆಯಾಗಿ ಎಳೆತ ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಇಂಥ ಜೀಪನ್ನು 1947ರಿಂದ ಮುಂಬಯಿಯಲ್ಲಿ ಮಹೀಂದ್ರಾದವರು ಜೋಡಿಸತೊಡಗಿದರು. ಸಕ್ಕರೆ ಕಾರಖಾನೆಗಳ ಶೇತಕಿ ವಿಭಾಗಗಳು ಆ ಜೀಪಿನ ಮೇಲೆಯೇ ಬೆಳೆದವೆಂದರೆ ತಪ್ಪಾಗದು.

ಇಲ್ಲಿ ಎರಡು ಎಚ್ಚರಿಕೆ ಹೇಳಬೇಕು.

ಒಂದು: ಹೆಸರು ನೋಡಿ ಮೋಸ ಹೋಗಬೇಡಿರಿ. ಥಾರ್ ಎಂಬ ಹೆಸರಿನ ಎಲ್ಲ ಗಾಡಿಗಳೂ ನಾಲ್ಕು ಗಾಲಿ ಎಳೆಯುವದಿಲ್ಲ. 2020ರಲ್ಲಿ ಬಂದದ್ದು 2.2 ಲೀಟರ್ ಡೀಸೆಲ್ ಇಂಜಿನಿನ ನಾಲ್ಕು ಗಾಲಿಯ ಗಾಡಿ. 2023ರ ಜನವರಿಯಲ್ಲಿ ಬಂದ 1.5 ಲೀಟರಿನದು ಹಿಂದಿನ ಎರಡೇ ಗಾಲಿಯದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಬೊಲೆರೊ ಸಹ ಹಿಂದಿನ ಗಾಲಿಯ ಗಾಡಿಯೇ. ತೆರಿಗೆಯಲ್ಲಿಯೂ ಅಂತರವಿದೆ. 2025ರ ಸಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಉದ್ದವನ್ನೂ 1500 ಸಿ.ಸಿ.ಯನ್ನೂ ಮೀರದ ಡೀಸೆಲ್ ಗಾಡಿಗೆ ಜಿ.ಎಸ್.ಟಿ. ಶೇಕಡಾ 18, ಎರಡರಲ್ಲಿ ಒಂದನ್ನು ಮೀರಿದರೂ ಶೇಕಡಾ 40. “ಬೆಲೆ ಇಳಿದಿದೆ” ಎಂದು ಯಾರಾದರೂ ಹೇಳಿದರೆ ಯಾವ ಇಂಜಿನಿನದು ಎಷ್ಟು ಇಳಿಯಿತೆಂದು ಕೇಳಿರಿ.

ಎರಡು: ಲಿವರ್ ಹಾಕಿ ಸೇರಿಸುವ ಇಂಥ ಗಾಡಿಯನ್ನು ಒಣ ಡಾಂಬರು ರಸ್ತೆಯ ಮೇಲೆ ನಾಲ್ಕು ಗಾಲಿಯಲ್ಲಿ ಓಡಿಸತಕ್ಕದ್ದಲ್ಲ. ಮುಂದಿನ ಹಿಂದಿನ ಅಚ್ಚುಗಳು ಒಂದಕ್ಕೊಂದು ಜಗ್ಗಾಡಿ ಹಲ್ಲು ಸವೆಯುತ್ತದೆ, ಟಾಯರು ಹರಿಯುತ್ತದೆ. ಅಂದರೆ ನೀವು ಹೆಚ್ಚಿನ ದುಡ್ಡು ಕೊಟ್ಟು ಕೊಂಡ ಆ ಗುಣ ವರ್ಷದ ಬಹುಪಾಲು ದಿನ ನಿದ್ರೆಯಲ್ಲಿಯೇ ಇರುತ್ತದೆ.

3. ಎರೆ ಮಣ್ಣಿನ ಮುಂದೆ ಯಾರೂ ಶೂರರಲ್ಲ

ಭೀಮಾ, ಸೀನಾ, ಬೋರಿ ನದಿಗಳ ದಂಡೆಯ ನಮ್ಮ ಎರೆ ಭೂಮಿಯಲ್ಲಿ ಜೇಡಿಯ ಅಂಶ ಅರ್ಧದಷ್ಟಿರುತ್ತದೆ. ಈ ಜೇಡಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ತೊಯ್ದಾಗ ಅದು ಟಾಯರಿನ ಗೀರುಗಳಲ್ಲಿ ತುಂಬಿಕೊಂಡು ಟಾಯರನ್ನೇ ಸಪಾಟು ಉರುಳೆಯನ್ನಾಗಿ ಮಾಡುತ್ತದೆ. ಆಮೇಲೆ ಎರಡು ಗಾಲಿ ತಿರುಗಿದರೂ ಅಷ್ಟೆ, ನಾಲ್ಕು ತಿರುಗಿದರೂ ಅಷ್ಟೆ. ಎರಡು ಗಾಲಿಯ ಗಾಡಿ ಹೊಲದ ಬಾಯಲ್ಲಿ ಸಿಗುತ್ತದೆ, ನಾಲ್ಕು ಗಾಲಿಯದು ನಡುಹೊಲದಲ್ಲಿ ಸಿಗುತ್ತದೆ. ಅಂತರ ಇಷ್ಟೇ. ನಾನು ಕಾರಖಾನೆಯ ಜೀಪಿನಲ್ಲಿ ಎರಡೂ ಕಡೆ ಸಿಕ್ಕಿದ್ದೇನೆ. ಎಳೆದು ತೆಗೆದದ್ದು ಪ್ರತಿಸಲವೂ ನಿಮ್ಮ ಟ್ರ್ಯಾಕ್ಟರು.

ಇನ್ನೊಂದು ಮಾತು. ಹಸಿ ಹೊಲದಲ್ಲಿ ಎರಡು ಟನ್ನಿನ ಹತ್ತಿರದ ಭಾರವನ್ನು ಓಡಿಸಿದರೆ ಮಣ್ಣು ಒತ್ತಿ ಬಿಗಿಯಾಗಿ ಬೇರು ಇಳಿಯುವದಿಲ್ಲ. ಹದ ಬರುವವರೆಗೆ ರಂಟೆ ಹೂಡದ ರೈತ, ಹದ ಬರುವ ಮುಂಚೆ ಗಾಡಿ ಹೊಕ್ಕಿಸುವದು ಯಾವ ನ್ಯಾಯ? ಗಾಡಿ ಯಾವದೇ ಇರಲಿ, ಬದುವಿನಾಚೆ ನಿಲ್ಲಿಸಿ ನಡೆದು ಹೋಗುವದು ಬೆಳೆಗೂ ಒಳ್ಳೆಯದು, ಮೈಗೂ ಒಳ್ಳೆಯದು.

ಗರಸು ಹಾದಿ, ಕಲ್ಲಿನ ಇಳಿಜಾರು, ತೆಳು ಕೆಸರು, ಹಳ್ಳದ ಮರಳು ಇಂಥಲ್ಲಿ ನಾಲ್ಕು ಗಾಲಿಯ ಗಾಡಿಗೆ ಸರಿಸಾಟಿ ಇಲ್ಲ. ಅದನ್ನು ಒಪ್ಪಲೇಬೇಕು.

4. ವಿದ್ಯುತ್ ಗಾಡಿಯ ಗುಣದೋಷ

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಇದೆ. ಆದರೆ ಇಂಜಿನು ಅದರಲ್ಲಿ ಮೂರನೆಯ ಒಂದು ಪಾಲನ್ನಷ್ಟೇ ಗಾಲಿಗೆ ತಲುಪಿಸುತ್ತದೆ. ಉಳಿದದ್ದು ರೇಡಿಯೇಟರ್ ಮತ್ತು ಹೊಗೆ ಕೊಳವೆಯಿಂದ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ ಎಂಬತ್ತೈದರ ಮೇಲೆ ಗಾಲಿಗೆ ಕೊಡುತ್ತದೆ. ಕರೆಂಟಿನ ಗಾಡಿಯ ಖರ್ಚು ಕಡಿಮೆಯಾಗುವ ಮೂಲ ಕಾರಣ ಇದೇ. ಇಂಜಿನ್ ಆಯಿಲ್, ಡೀಸೆಲ್ ಫಿಲ್ಟರು, ಕ್ಲಚ್ಚು ಇವುಗಳ ಗೊಡವೆಯೂ ಅದಕ್ಕಿಲ್ಲ.

ಉದಾಹರಣೆಗೆ 2024ರ ಜನವರಿಯಲ್ಲಿ ಪೇಟೆಗೆ ಬಂದ ಟಾಟಾ ಪಂಚ್ ವಿದ್ಯುತ್ ಗಾಡಿಯನ್ನು ನೋಡೋಣ. ಅದು ಆಗ 25 ಮತ್ತು 35 ಯೂನಿಟ್‌ಗಳ ಎರಡು ಬ್ಯಾಟರಿಗಳಲ್ಲಿ ಬಂದಿತು. ಎಳೆಯುವದು ಮುಂದಿನ ಎರಡು ಗಾಲಿ. ನೆಲದಿಂದ ಎತ್ತರ 190 ಮಿ.ಮೀ.; ಥಾರಿನದು 226. ಕಂಪನಿ ಹೇಳಿಕೊಂಡಂತೆ ಪಂಚ್ 350 ಮಿ.ಮೀ. ನೀರಿನಲ್ಲಿ ಹೋಗಬಲ್ಲದು, ಥಾರ್ 650 ಮಿ.ಮೀ. ನೀರಿನಲ್ಲಿ. ದೊಡ್ಡ ಬ್ಯಾಟರಿಗೆ ಒಮ್ಮೆ ತುಂಬಿದರೆ 421 ಕಿ.ಮೀ. ಎಂದು ಪ್ರಚಾರವಿತ್ತು. ಅದು ಪರೀಕ್ಷಾ ಯಂತ್ರದ ಮೇಲಿನ ಅಂಕಿ. ನಮ್ಮ ರಸ್ತೆಗಳಲ್ಲಿ ಸಾವಕಾಶ ಓಡಿಸಿದರೆ 240ರ ಆಸುಪಾಸು, ಹೆದ್ದಾರಿಯಲ್ಲಿ ಏ.ಸಿ. ಹಾಕಿ ವೇಗವಾಗಿ ಹೋದರೆ 200ರ ಆಸುಪಾಸು ಎಂದು ಹಿಡಿಯುವದು ಕ್ಷೇಮ. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಹೋಗಿ ಬರಲು 80 ಕಿ.ಮೀ.; ಚಿಂತೆಯೇ ಇಲ್ಲ. ಸೋಲಾಪುರದಿಂದ ಪುಣೆಗೆ 250 ಕಿ.ಮೀ.; ನಡುವೆ ಒಮ್ಮೆ ನಿಂತು ತುಂಬಿಸಿಕೊಳ್ಳಲೇಬೇಕು.

ಬ್ಯಾಟರಿ ಗಾಡಿಯ ಹೊಟ್ಟೆಯ ಕೆಳಗೆ ಇರುತ್ತದೆ. ಆದಕಾರಣ ಕಬ್ಬು ಕಡಿದ ಹೊಲದ ಕೂಳೆಯ ಮೇಲೆ, ಬದುವಿನ ಕಲ್ಲಿನ ಮೇಲೆ ಹಾಯಿಸುವ ಸಾಹಸ ಬೇಡ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಹಮಿ ಇರುತ್ತದೆ. ಆ ಹಮಿ ಪತ್ರವನ್ನು ಓದಿಸಿ ಕೇಳಿಕೊಂಡೇ ಸಹಿ ಮಾಡಿರಿ. ಹಮಿ ಮುಗಿದ ಮೇಲೆ ಬ್ಯಾಟರಿ ಕೆಟ್ಟರೆ ಗಾಡಿಯ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

5. ಕರೆಂಟು ಎಲ್ಲಿಂದ?

ಈ ಪ್ರಶ್ನೆಗೆ ಉತ್ತರ ಸಿಗದೆ ವಿದ್ಯುತ್ ಗಾಡಿಯ ಮಾತು ಮುಂದುವರಿಸಬಾರದು.

35 ಯೂನಿಟ್ ಬ್ಯಾಟರಿ ಐದನೆಯ ಒಂದು ಪಾಲಿಗೆ ಇಳಿದಾಗ ಪೂರ್ತಿ ತುಂಬಿಸಲು ಮೀಟರಿನಲ್ಲಿ ಸುಮಾರು 32 ಯೂನಿಟ್ ಏರುತ್ತದೆ. 15 ಆಂಪಿಯರಿನ ದಪ್ಪ ಪ್ಲಗ್ಗಿನಿಂದ ಇದಕ್ಕೆ 11–12 ತಾಸು ಬೇಕು. 7 ಕಿಲೋವ್ಯಾಟಿನ ಗೋಡೆಯ ಪೆಟ್ಟಿಗೆಯಿಂದ ನಾಲ್ಕೂವರೆ ತಾಸು, ಆದರೆ ಅದಕ್ಕೆ ಮನೆಯ ಮಂಜೂರಿ ಲೋಡು ಹೆಚ್ಚಿಸಿಕೊಳ್ಳಬೇಕು. ಭೂಮಿ ತಂತಿ, ಅಂದರೆ ಅರ್ಥಿಂಗ್, ಚೆನ್ನಾಗಿರಬೇಕು. ಓಲ್ಟೇಜು ತೀರ ಇಳಿದರೆ ಚಾರ್ಜರು ತಾನಾಗಿಯೇ ನಿಲ್ಲುತ್ತದೆ. ಊರೊಳಗಿನ ಮನೆಗೆ ಗಾವಠಾಣ ಲೈನಿನಿಂದ ರಾತ್ರಿಯೆಲ್ಲ ಕರೆಂಟು ಇದ್ದರೆ ಅಡಚಣೆ ಇಲ್ಲ. ಹೊಲದ ವಸ್ತಿಯಲ್ಲಿ ಪಂಪಿನ ಲೈನು ಮಾತ್ರ ಇದ್ದರೆ ವಿಚಾರ ಮಾಡಬೇಕು.

ಪಂಪಿನ ಲೈನಿನ ಮಾತು ಬಂದದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ 2024ರಿಂದ ಏಳೂವರೆ ಅಶ್ವಶಕ್ತಿಯವರೆಗಿನ ಕೃಷಿ ಪಂಪುಗಳಿಗೆ ವಿದ್ಯುತ್ತು ಪುಕ್ಕಟೆ. “ಪುಕ್ಕಟೆ ಕರೆಂಟಿನ ಮೇಲೆ ಗಾಡಿ ಓಡಿಸಿದರಾಯಿತು” ಎಂದು ಚಹದಂಗಡಿಯಲ್ಲಿ ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿರಿ. ಒಂದು ಕೆಲಸಕ್ಕೆಂದು ಕೊಟ್ಟ ವಿದ್ಯುತ್ತನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ ದರದ ಎರಡು ಪಟ್ಟು ವಸೂಲಿ ಇದೆ. ಇದಕ್ಕಿಂತ ಸರಳ ದಾರಿ ಇದೆ. 2024ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮದಂತೆ ಗಾಡಿ ತುಂಬಿಸಲು ಬೇರೆ ಜೋಡಣೆ ಕೇಳುವ ಹಕ್ಕು ನಿಮಗಿದೆ. ಮನೆಯ ಮೀಟರಿಗೇ ಜೋಡಿಸಿದರೆ ತಿಂಗಳಿಗೆ ನೂರೈವತ್ತು ಇನ್ನೂರು ಯೂನಿಟ್ ಹೆಚ್ಚಾಗಿ ಮೇಲಿನ ದರದ ಹಂತಕ್ಕೆ ಏರುತ್ತೀರಿ. ಎರಡರಲ್ಲಿ ಯಾವದು ಅಗ್ಗವೆಂದು ಮಹಾವಿತರಣ ಕಚೇರಿಯಲ್ಲಿ ಕೇಳಿ ನಿಶ್ಚಯಿಸಿರಿ.

ಮನೆಯ ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದವರಿಗೆ ಇನ್ನೂ ಅನುಕೂಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ರೂ. 78,000 ಅನುದಾನವಿದೆ. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟಿನಿಂದ 12 ಯೂನಿಟ್, ಅಂದರೆ ಸುಮಾರು 70 ಕಿ.ಮೀ. ಪ್ರವಾಸ.

6. ಕಿಲೋಮೀಟರಿನ ಲೆಕ್ಕ

ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ದುಂಡಾಗಿ ಹಿಡಿದಿದ್ದೇನೆ. ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿರಿ.

ಡೀಸೆಲ್: ಲೀಟರಿಗೆ ರೂ. 90, ಲೀಟರಿಗೆ 12 ಕಿ.ಮೀ. ಎಂದರೆ ಕಿ.ಮೀ.ಗೆ ರೂ. 7.50.

ವಿದ್ಯುತ್: ತುಂಬಿಸುವಾಗಿನ ನಷ್ಟ ಹಿಡಿದು ಮೀಟರಿನ ಒಂದು ಯೂನಿಟ್‌ಗೆ 6 ಕಿ.ಮೀ., ಯೂನಿಟ್‌ಗೆ ಎಲ್ಲ ಆಕಾರ ಸೇರಿ ರೂ. 12 ಎಂದರೆ ಕಿ.ಮೀ.ಗೆ ರೂ. 2.

ಅಂತರ ಕಿ.ಮೀ.ಗೆ ರೂ. 5.50. ವರ್ಷಕ್ಕೆ 6,000 ಕಿ.ಮೀ. ಓಡಿದರೆ ಉಳಿತಾಯ ರೂ. 33,000, 12,000 ಓಡಿದರೆ ರೂ. 66,000, 18,000 ಓಡಿದರೆ ರೂ. 99,000.

ಈಗ ಇದನ್ನು ನಮ್ಮ ಮಾಪಿನಲ್ಲಿ ನೋಡೋಣ. 2025–26ರ ಹಂಗಾಮಿಗೆ ಕೇಂದ್ರ ಸರಕಾರದ ಎಫ್.ಆರ್.ಪಿ. ಶೇಕಡಾ 10.25 ರಿಕವರಿಗೆ ಕ್ವಿಂಟಲಿಗೆ ರೂ. 355. ರಿಕವರಿಯ ಹೆಚ್ಚುಕಡಿಮೆ, ಕಡಿತ ಮತ್ತು ಸಾಗಾಣಿಕೆಯ ಖರ್ಚು ಎಲ್ಲ ಹೋಗಿ ಟನ್ನಿಗೆ ಕೈಗೆ ರೂ. 2,700 ಬಂದಿತೆಂದು ಹಿಡಿಯೋಣ. ಎಕರೆಗೆ 40 ಟನ್ ಇಳುವರಿಯಾದರೆ ಗುಂಟೆಗೆ ಒಂದು ಟನ್ ಆಯಿತು. ಹಾಗಾದರೆ ರೂ. 66,000 ಎಂದರೆ 24 ಗುಂಟೆಯ ಕಬ್ಬು. ವರ್ಷಕ್ಕೆ 12,000 ಕಿ.ಮೀ. ಓಡುವ ಮನೆಯಲ್ಲಿ ಡೀಸೆಲ್ ಗಾಡಿ ಪ್ರತಿವರ್ಷ 24 ಗುಂಟೆ ಕಬ್ಬನ್ನು ಹೆಚ್ಚಾಗಿ ಕುಡಿಯುತ್ತದೆ.

7. ಕಂತಿನ ಲೆಕ್ಕ ಇನ್ನೂ ದೊಡ್ಡದು

ಆದರೆ ಇಂಧನಕ್ಕಿಂತ ದೊಡ್ಡ ಬಾಯಿ ಸಾಲದ್ದು. ಹತ್ತು ಲಕ್ಷ ರೂಪಾಯಿ ಸಾಲ, ಶೇಕಡಾ ಒಂಬತ್ತೂವರೆ ಬಡ್ಡಿ, 60 ತಿಂಗಳು ಎಂದರೆ ಕಂತು ಸುಮಾರು ರೂ. 21,000. ವರ್ಷಕ್ಕೆ ರೂ. 2,52,000. ಅಂದರೆ 93 ಟನ್, ಎರಡು ಎಕರೆ ಹದಿಮೂರು ಗುಂಟೆಯ ಪೂರ್ತಿ ಕಬ್ಬು. ಬೀಜ, ಗೊಬ್ಬರ, ಆಳಿನ ಖರ್ಚು ಇದರಲ್ಲಿ ಕಳೆದಿಲ್ಲ. ಐದು ವರ್ಷಕ್ಕೆ ಬಡ್ಡಿಯೇ ರೂ. 2,60,000.

ಕಂತು ತಿಂಗಳಿಗೊಮ್ಮೆ ಬರುತ್ತದೆ. ಕಬ್ಬಿನ ಬಿಲ್ಲು ತಿಂಗಳಿಗೊಮ್ಮೆ ಬರುವದಿಲ್ಲ. ಕಬ್ಬು ಕಳಿಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಕಡಿತದ ಪಾಳಿಯೇ ಎರಡು ತಿಂಗಳು ಮುಂದೆ ಹೋದರೆ ಬ್ಯಾಂಕು ಕಾಯುವದಿಲ್ಲ. ಬೇಕಾದರೆ ಆರು ತಿಂಗಳ ಅಥವಾ ವರ್ಷದ ಕಂತು ಸಿಗುವದೋ ಎಂದು ಮೊದಲೇ ಕೇಳಿರಿ. ನನ್ನ ಗಟದ ಒಬ್ಬ ಸಭಾಸದರು ನಾಲ್ಕು ಎಕರೆ ಕಬ್ಬಿನ ಮೇಲೆ ದೊಡ್ಡ ಡೀಸೆಲ್ ಗಾಡಿ ತಂದರು. ಮೊದಲ ವರ್ಷ ಪೂಜೆ, ಎರಡನೆಯ ವರ್ಷ ಕೈಗಡ, ಮೂರನೆಯ ವರ್ಷ ಕುಳೆಗೆ ಗೊಬ್ಬರ ಹಾಕಲು ಹಣವಿಲ್ಲದೆ ಇಳುವರಿ ಬಿತ್ತು. ಕಡೆಗೆ ಗಾಡಿಯನ್ನು ಬಂದ ಬೆಲೆಗೆ ಕೊಟ್ಟರು. ಗಾಡಿಯಲ್ಲಿ ಏನೂ ದೋಷವಿರಲಿಲ್ಲ.

ಅಂಗಡಿಯಲ್ಲಿ ಕೇಳುವ ಎರಡು ಮಾತುಗಳನ್ನೂ ಪರೀಕ್ಷಿಸಿರಿ. ವಿದ್ಯುತ್ ಗಾಡಿಯ ಸಾಲದ ಬಡ್ಡಿಗೆ ಇದ್ದ ಆದಾಯ ತೆರಿಗೆ ರಿಯಾಯತಿ 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಗಳಿಗಷ್ಟೇ. 2024ರ ಅಕ್ಟೋಬರಿನಲ್ಲಿ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರಿಗೆ ಅನುದಾನವಿಲ್ಲ. ವಿದ್ಯುತ್ ಗಾಡಿಗೆ ನಿಜವಾಗಿ ಇರುವ ಸವಲತ್ತು 2019ರ ಅಗಸ್ಟ್‌ದಿಂದ ಶೇಕಡಾ 5ರ ಜಿ.ಎಸ್.ಟಿ.

8. ನೀರು, ಬಿಸಿಲು, ಇಲಿ, ಯೂರಿಯಾ

ನೀರು: 2025ರ ಸಪ್ಟೆಂಬರಿನ ಸೀನಾ ಮಹಾಪೂರವನ್ನು ನಾವು ಮರೆತಿಲ್ಲ. ನಿಂತ ನೀರಿನ ಅಳತೆ ಬೇರೆ, ಹರಿಯುವ ನೀರಿನ ಬಲ ಬೇರೆ. ಒಂದು ಅಡಿ ಹರಿಯುವ ನೀರು ಸಣ್ಣ ಗಾಡಿಯನ್ನು ಎತ್ತಿ ತೇಲಿಸಬಲ್ಲದು, ಎರಡು ಅಡಿ ನೀರು ದೊಡ್ಡದನ್ನೂ ಒಯ್ಯಬಲ್ಲದು. ಪುಸ್ತಕದಲ್ಲಿ 650 ಎಂದು ಬರೆದಿದೆಯೆಂದು ಹಳ್ಳಕ್ಕೆ ಇಳಿಯಬೇಡಿರಿ.

ಬಿಸಿಲು: ಬ್ಯಾಟರಿಗೆ ನಮ್ಮ ಮೇ ತಿಂಗಳ ಬಿಸಿಲು ಹಿತವಲ್ಲ. ನೆರಳಲ್ಲಿ ನಿಲ್ಲಿಸಿರಿ, ಓಡಿ ಬಂದ ತಕ್ಷಣ ತುಂಬಿಸದೆ ಸ್ವಲ್ಪ ಆರಲು ಬಿಡಿರಿ, ರಾತ್ರಿ ತುಂಬಿಸಿರಿ.

ಇಲಿ: ಕಬ್ಬಿನ ನಾಡಿನ ಇಲಿಗಳಿಗೆ ಡೀಸೆಲ್ ಗಾಡಿ, ವಿದ್ಯುತ್ ಗಾಡಿ ಎಂಬ ಭೇದವಿಲ್ಲ, ವೈರು ಸಿಕ್ಕರೆ ಸಾಕು. ಕಬ್ಬಿನ ರವದಿಯ ಒಟ್ಟಿಲಿನ ಪಕ್ಕ ಗಾಡಿ ನಿಲ್ಲಿಸಬಾರದು.

ಯೂರಿಯಾ: 2020ರ ಏಪ್ರಿಲಿನಿಂದ ಬಂದ ಬಿ.ಎಸ್.-6 ಡೀಸೆಲ್ ಗಾಡಿಗಳು ನಮ್ಮ ಹಳೆಯ ಜೀಪಿನಂತಲ್ಲ. ಹೊಗೆಯ ಮಸಿ ಹಿಡಿಯುವ ಜಾಳಿಗೆ ಇರುತ್ತದೆ. ದಿನಾಲು ಮೂರು ನಾಲ್ಕು ಕಿ.ಮೀ. ಮಾತ್ರ ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ತಾಸು ಒಂದೇ ಸಮ ಓಡಿಸಿ ಸುಡಬೇಕು. ಕೆಲವು ಗಾಡಿಗಳಿಗೆ ಶೇಕಡಾ 32.5ರ ಶುದ್ಧ ಯೂರಿಯಾ ದ್ರಾವಣ ಬೇರೆ ಬೇಕು. ಮನೆಯಲ್ಲಿದ್ದ ಗೊಬ್ಬರದ ಯೂರಿಯಾ ಕರಗಿಸಿ ಸುರಿದೀರಿ, ಎಚ್ಚರ! ನಮ್ಮ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪವಿದೆ. ಅದು ಕಬ್ಬಿಗೆ ಅಮೃತ, ಆ ಯಂತ್ರಕ್ಕೆ ವಿಷ.

ಒಬ್ಬ ಹಿರಿಯ ಸಭಾಸದರು, “ಎಲ್ಲರೂ ಕರೆಂಟಿನ ಗಾಡಿ ಕೊಂಡರೆ ನಮ್ಮ ಇಥೆನಾಲ್ ಕೊಳ್ಳುವವರಾರು?” ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆದರೆ ಇಥೆನಾಲ್ ಬೆರೆಯುವದು ಪೆಟ್ರೋಲಿನಲ್ಲಿ. ಡೀಸೆಲ್ ಗಾಡಿ ಅದನ್ನು ಕುಡಿಯುವದಿಲ್ಲ. ವಿದ್ಯುತ್ತಿಗಾದರೋ ನಮ್ಮ ಸಂಬಂಧವಿದೆ. ಒಂದು ಟನ್ ಕಬ್ಬಿನಿಂದ 280–300 ಕಿಲೋ ಬಗಾಸ್ ಬರುತ್ತದೆ. ಸಹವಿದ್ಯುತ್ ಘಟಕವಿರುವ ಕಾರಖಾನೆಗಳು ಅದನ್ನು ಉರಿಸಿ ಗ್ರಿಡ್ಡಿಗೆ ಕರೆಂಟು ಮಾರುತ್ತವೆ.

9. ನನ್ನ ಡೈರಿ ಮತ್ತು ಒಂದು ರಾತ್ರಿ

ಈ ಲೇಖನಕ್ಕಾಗಿ 2024ರ ಜೂನಿನಿಂದ 2025ರ ಮೇವರೆಗೆ ನನ್ನ ಡೈರಿಯಲ್ಲಿ ಒಂದು ಗುರುತು ಇಡುತ್ತ ಬಂದೆ. ಜೀಪಿನ ನಾಲ್ಕು ಗಾಲಿಯ ಲಿವರ್ ಹಾಕಿದ ದಿನಗಳು 11. ಅವುಗಳಲ್ಲಿ 7 ದಿನ ಡಾಂಬರಿನ ಮೇಲೆ ಗಾಡಿ ಬಿಟ್ಟು ನಡೆದು ಹೋಗಬಹುದಿತ್ತು. 3 ದಿನ ಅದು ನಿಜವಾಗಿ ಕೆಲಸಕ್ಕೆ ಬಂತು. 1 ದಿನ ಅದೂ ಸಿಕ್ಕಿಹಾಕಿಕೊಂಡಿತು. ಇಡೀ ದಿನ ಹೊಲ ತಿರುಗುವ ನೌಕರಿಯವನಿಗೇ ಇಷ್ಟಾದರೆ, ಮನೆಯ ಗಾಡಿಗೆ ಎಷ್ಟು? ಈ ಅಂಕಿಗಳನ್ನು ಹಿಡಿದು ನಾನು ಎಲ್ಲರಿಗೂ “ಜೀಪು ಬೇಡ” ಎಂದು ಹೇಳುತ್ತ ತಿರುಗುತ್ತಿದ್ದೆ.

ಒಂದು ವಸ್ತಿಯಲ್ಲಿ ಒಬ್ಬ ಯಜಮಾನರು ನನ್ನನ್ನು ತಡೆದರು. ಏಳೆಂಟು ವರ್ಷದ ಹಿಂದೆ ಶ್ರಾವಣದ ಮಳೆಯ ರಾತ್ರಿ ಅವರ ಸೊಸೆಗೆ ಹೆರಿಗೆ ನೋವು ಬಂದಿತ್ತು. ಡಾಂಬರು ರಸ್ತೆ ಎರಡೂವರೆ ಕಿ.ಮೀ. ದೂರ, ನಡುವೆ ಪಾಣಂದ ಹಾದಿಯ ಕೆಸರು. 108ರ ಗಾಡಿ ಡಾಂಬರಿನ ಮೇಲೆ ಬಂದು ನಿಂತಿತ್ತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ರವದಿ ಹಾಸಿ, ಮೇಲೆ ತಾಡಪತ್ರಿ ಹಿಡಿದು, ಆ ಎರಡೂವರೆ ಕಿ.ಮೀ. ದಾಟಲು ಒಂದು ತಾಸು ಹಿಡಿಯಿತು. ದೇವರ ದಯದಿಂದ ತಾಯಿ ಮಗು ಇಬ್ಬರೂ ಉಳಿದರು. ಯಜಮಾನರು ಹೇಳಿದರು: “ಸಾಹೇಬ್ರ, ನಿಮ್ಮ ಡೈರಿಯೊಳಗ ಅದು ಒಂದು ದಿವಸ. ನಮ್ಮ ಲೆಕ್ಕದೊಳಗ ಆ ವರ್ಷ ಅಂದ್ರ ಅದೊಂದು ರಾತ್ರಿನ.”

ನನ್ನ ಬಳಿ ಉತ್ತರವಿರಲಿಲ್ಲ. ದಿನ ಎಣಿಸುವದು ಸರಿ, ಆದರೆ ಎಲ್ಲ ದಿನಗಳ ತೂಕ ಒಂದೇ ಅಲ್ಲ.

ಆದರೆ ಆ ಪಾಣಂದದ ಮೇಲೆ ಒಂಬತ್ತು ಮನೆಗಳಿವೆ. ನಾಲ್ಕು ಗಾಲಿಗಾಗಿ ಒಂದೊಂದು ಮನೆ ನಾಲ್ಕು ಲಕ್ಷ ಹೆಚ್ಚು ಕೊಟ್ಟಿತೆಂದು ಹಿಡಿಯಿರಿ, ಒಂಬತ್ತು ಮನೆಗೆ 36 ಲಕ್ಷವಾಯಿತು. ಆ ಹಣದ ಒಂದು ಪಾಲಿನಲ್ಲಿ ಹಾದಿಗೇ ಗರಸು ಬೀಳುತ್ತದೆ. ಎರಡು ಬೇಸಿಗೆಯ ಹಿಂದೆ ಒಂಬತ್ತೂ ಮನೆಯವರು ಪಟ್ಟಿ ಹಾಕಿ, ತಮ್ಮ ಟ್ರ್ಯಾಕ್ಟರುಗಳಿಂದಲೇ ಗರಸು ಹೊತ್ತು, ತೀರ ಕೆಟ್ಟ ನಾಲ್ಕುನೂರು ಮೀಟರ್ ಸರಿಪಡಿಸಿಕೊಂಡರು. ಈಗ ಮಳೆಗಾಲದಲ್ಲಿಯೂ ಶಾಲೆಯ ರಿಕ್ಷಾ ವಸ್ತಿಯವರೆಗೆ ಬರುತ್ತದೆ. ಆ ಹಾದಿ ಗಾಡಿ ಇಲ್ಲದ ಮನೆಗೂ ಒದಗುತ್ತದೆ, ಕಬ್ಬಿನ ಟ್ರೇಲರಿಗೂ ಒದಗುತ್ತದೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ಹೊಲ–ಪಾಣಂದ ರಸ್ತೆಗಳಿಗಾಗಿ ಮಾತೋಶ್ರೀ ಹೆಸರಿನ ಯೋಜನೆಯನ್ನು ತಂದಿತು. ನಿಮ್ಮ ಹಾದಿ ಅಂಥ ಯೋಜನೆಯಲ್ಲಿ ಸೇರುವದೋ ಎಂದು ಗ್ರಾಮಪಂಚಾಯತಿಯಲ್ಲಿ ವಿಚಾರಿಸಿರಿ.

10. ಹಾಗಾದರೆ ಯಾರಿಗೆ ಯಾವದು?

ಅ) ಊರೊಳಗೆ ಮನೆ, ಮನೆಯವರೆಗೆ ಪಕ್ಕಾ ರಸ್ತೆ, ರಾತ್ರಿ ನಂಬಿಗಸ್ಥ ಕರೆಂಟು, ದಿನಕ್ಕೆ 40–80 ಕಿ.ಮೀ. ಓಡಾಟ: ಸಣ್ಣ ವಿದ್ಯುತ್ ಗಾಡಿ ಲಾಭದ್ದು.

ಆ) ದೂರದ ವಸ್ತಿ, ಕೆಟ್ಟ ಹಾದಿ, ಪಂಪಿನ ಲೈನು ಮಾತ್ರ, ಮನೆಯಲ್ಲಿ ವೃದ್ಧರು ಅಥವಾ ಬಸುರಿ ಹೆಣ್ಣುಮಗಳು: ನಾಲ್ಕು ಗಾಲಿಯ ಡೀಸೆಲ್ ಗಾಡಿ ಚೈನಿಯಲ್ಲ, ಅವಶ್ಯಕತೆ. ಹೊಸದೇ ಆಗಬೇಕೆಂದಿಲ್ಲ; ಬಲ್ಲ ಮೇಸ್ತ್ರಿಗೆ ತೋರಿಸಿ ಹಳೆಯದನ್ನು ಕೊಳ್ಳಬಹುದು. ಜೊತೆಜೊತೆಗೆ ಹಾದಿಯ ಅರ್ಜಿಯನ್ನೂ ಕೊಡಿರಿ.

ಇ) ವರ್ಷಕ್ಕೆ 5,000 ಕಿ.ಮೀ. ಸಹ ಓಡದ ಮನೆ: ಎರಡೂ ಬೇಡ. ಬೇಕಾದ ದಿನ ಬಾಡಿಗೆ ಗಾಡಿ ಮಾಡಿರಿ; ಉಳಿದ ಹಣ ಹನಿ ನೀರಾವರಿಗೆ ಹೋಗಲಿ. ಹನಿಯ ನಳಿಗೆ ಬೀಗರ ಮುಂದೆ ತೋರಿಸಲು ಚೆಂದ ಕಾಣುವದಿಲ್ಲ, ಆದರೆ ಸಾಲ ತೀರಿಸುವದು ಅದೇ.

ಅಭ್ಯಾಸ

ಗಾಡಿ ಕೊಳ್ಳುವ ವಿಚಾರವಿರುವ ಸಭಾಸದರು ಈ ಐದು ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕೂತು ಉತ್ತರ ಬರೆಯಿರಿ. ಹೆಣ್ಣುಮಕ್ಕಳನ್ನೂ ಕೂಡಿಸಿಕೊಳ್ಳಿರಿ, ಕೆಸರಿನ ಹಾದಿಯ ಕಷ್ಟ ಅವರಿಗೇ ಹೆಚ್ಚು ಗೊತ್ತು.

1) ಕಳೆದ ಮಳೆಗಾಲದಲ್ಲಿ ಹಾದಿ ಬಂದಾದ ದಿನಗಳು ಎಷ್ಟು? ಅವುಗಳಲ್ಲಿ ಹೋಗಲೇಬೇಕಾಗಿದ್ದ ದಿನಗಳು ಎಷ್ಟು?

2) ವರ್ಷಕ್ಕೆ ಒಟ್ಟು ಎಷ್ಟು ಕಿ.ಮೀ.?

3) ರಾತ್ರಿ ಎಷ್ಟು ತಾಸು ಮನೆಯ ಕರೆಂಟು ಇರುತ್ತದೆ? ಓಲ್ಟೇಜು ಎಷ್ಟು?

4) ಕಂತಿಗೆ ಎಷ್ಟು ಗುಂಟೆ ಕಬ್ಬು ಹೋಗುವದು? ಉಳಿದ ಗುಂಟೆಗಳಲ್ಲಿ ಮನೆ ನಡೆಯುವದೋ?

5) ಇದೇ ಹಾದಿಯ ಮೇಲೆ ಎಷ್ಟು ಮನೆಗಳಿವೆ? ಅವರೊಡನೆ ಒಮ್ಮೆಯಾದರೂ ಕೂತು ಮಾತನಾಡಿದ್ದೀರಾ?

ಉತ್ತರ ಬರೆದ ಹಾಳೆಯನ್ನು ಗಟ ಕಚೇರಿಗೆ ತಂದರೆ ಲೆಕ್ಕ ತಿದ್ದಿಕೊಡಲು ನಾನು ಮತ್ತು ನನ್ನ ಸಹಾಯಕರು ಸಿದ್ಧರಿದ್ದೇವೆ. ಯಾವ ಬಣ್ಣದ ಗಾಡಿ ಎಂಬುದನ್ನು ಮಾತ್ರ ನಮ್ಮನ್ನು ಕೇಳಬೇಡಿರಿ. ಅದು ಮಕ್ಕಳು ನಿಶ್ಚಯಿಸಬೇಕಾದ ಮಾತು.